ತಮ್ಮ ಇರುವ ಹೋಮ್, ಮೂರೂವರೆ ವರ್ಷದ ಮೇಲೆ

ನನ್ನ ತಮ್ಮನಿಗೆ ಈಗ 41. ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ ಅಂತ ಗೊತ್ತಾದಾಗ 23. ಅಮ್ಮ ಇರುವ ತನಕ ಮಂಡ್ಯದ ಮನೆಯಲ್ಲೇ ಇದ್ದ. ಅಮ್ಮ ಹೋದ ಮೇಲೆ ನನ್ನೊಬ್ಬಳ ಕೈಯಲ್ಲಿ ಆಗಲಿಲ್ಲ. ಮೈಸೂರಿನ ಹೊರಗೆ, ಇಂಥವರನ್ನು ಇಟ್ಟುಕೊಂಡು ನೋಡಿಕೊಳ್ಳೋ ಒಂದು ಹೋಮ್‌ಗೆ ಸೇರಿಸಿದೆ. ತಿಂಗಳಿಗೆ 19,000, ಮಾತ್ರೆ ಖರ್ಚು ಬೇರೆ. ಹೋಮ್ ಹೆಸರು ಹಾಕುತ್ತಿಲ್ಲ. ಅವನು ಇನ್ನೂ ಅಲ್ಲೇ ಇದ್ದಾನಲ್ವಾ.

ಮೊದಲು ಮಾತ್ರೆ ವಿಷಯ. ಈ ಕಾಯಿಲೆಗೆ ಅವನಿಗೆ ಕ್ಲೋಜಪಿನ್ ಕೊಡುತ್ತಾರೆ. ಈ ಮಾತ್ರೆಯಿಂದ ಕೆಲವರಿಗೆ ರಕ್ತದಲ್ಲಿ ಬಿಳಿ ಕಣ ಇಳಿದುಬಿಡುತ್ತದೆ. ಅದಕ್ಕೇ ಶುರುವಿನ 18 ವಾರ ವಾರವಾರವೂ, ಆಮೇಲೆ ಸ್ವಲ್ಪ ಬಿಡುವು ಕೊಟ್ಟು ರಕ್ತ ಪರೀಕ್ಷೆ ಆಗಬೇಕು. ಮನೆಯಲ್ಲಿ ನಾನೇ ಎಷ್ಟೋ ಸಲ ತಪ್ಪಿಸಿದ್ದೇನೆ. ಇಲ್ಲಿ ಒಂದೂ ತಪ್ಪಿಲ್ಲ. ಸಿಸ್ಟರ್ ಹತ್ತಿರ ಒಂದು ಉದ್ದನೆ ಪುಸ್ತಕ ಇದೆ, ಕೇಳಿದರೆ ತೆಗೆದು ತೋರಿಸುತ್ತಾರೆ. ಬೆಳಗ್ಗೆ ಎಲ್ಲರನ್ನೂ 'ಕಕ್ಕಸಿಗೆ ಹೋದ್ರಾ?' ಅಂತ ಕೇಳುತ್ತಾರೆ. ನಗಬೇಡಿ. ಈ ಮಾತ್ರೆ ತಗೊಳ್ಳೋರಿಗೆ ಹೊಟ್ಟೆ ಕಟ್ಟಿದರೆ ಜೀವಕ್ಕೇ ಕುತ್ತು ಬರಬಹುದು. ಈ ಒಂದು ಪ್ರಶ್ನೆಗಾಗಿಯೇ ನಾನು ಅವರಿಗೆ ಅರ್ಧ ಮಾರ್ಕು ಜಾಸ್ತಿ ಕೊಡುತ್ತೇನೆ.

ಆದರೆ ಅಲ್ಲೇ ಎಡವಿದರು ಕೂಡ. ಇವನು ದಿನಕ್ಕೊಂದು ಕಟ್ಟು ಬೀಡಿ ಸೇದುತ್ತಿದ್ದ. ಸೇರಿದ ದಿನವೇ ಪೂರ್ತಿ ನಿಲ್ಲಿಸಿದರು. ಎರಡನೇ ಶನಿವಾರ ಹೋದಾಗ ಹುಡುಗ ಕೂತಲ್ಲೇ ತೂಕಡಿಸುತ್ತಿದ್ದ, ಜೊಲ್ಲು ಸುರಿದು ದಿಂಬು ಒದ್ದೆ. ಹೊಸ ಜಾಗ, ಹೊಂದಿಕೊಳ್ತಾನೆ ಬಿಡಿ ಅಂದರು. ನಾನೂ ನಂಬಿದೆ. ಡಾಕ್ಟರ್ ಬಂದ ಮೇಲೆ ಗೊತ್ತಾಯಿತು: ಹೊಗೆ ಒಳಗೆ ಹೋಗುತ್ತಿದ್ದರೆ ಲಿವರ್ ಈ ಮಾತ್ರೆಯನ್ನು ಬೇಗ ಕರಗಿಸಿಬಿಡುತ್ತದೆ, ಬೀಡಿ ನಿಂತರೆ ಅದೇ ಡೋಸ್ ರಕ್ತದಲ್ಲಿ ಏರುತ್ತದೆ. ಡೋಸ್ ಇಳಿಸಿದರು, ಹದಿನೈದು ದಿನದಲ್ಲಿ ಸರಿಹೋದ. ಬೀಡಿ ಬಿಡಿಸಲಿ, ಯಾರು ಬೇಡ ಅಂದರು? ಡಾಕ್ಟರಿಗೊಂದು ಫೋನ್ ಮಾಡಿ ಬಿಡಿಸಬೇಕಿತ್ತು.

ಊಟ ಪರವಾಗಿಲ್ಲ. ಸೊಪ್ಪಿನ ಸಾರು ನೀರು ನೀರು. ಮುದ್ದೆಯಂತೂ ಮಂಡ್ಯದವರು ಒಪ್ಪೋ ಥರ ಇಲ್ಲ. ಭಾನುವಾರ ಮೊಟ್ಟೆ ಇರುತ್ತದೆ.

ಎರಡನೇ ವರ್ಷ ಒಂದು ದಿನ ಹೋದರೆ ತಮ್ಮನ ತಲೆ ನುಣ್ಣಗೆ. ಸುತ್ತ ನೋಡಿದರೆ ಎಲ್ಲರದೂ. ಯಾರೋ ಒಬ್ಬರಿಗೆ ಹೇನಾಗಿತ್ತಂತೆ, ಮಷಿನ್ ತಂದು ಸಾಲಾಗಿ ಕೂರಿಸಿದ್ದಾರೆ. ಕ್ಲೀನ್ ಆಯ್ತಲ್ಲ ಮೇಡಂ ಅಂದರು ವಾರ್ಡನ್. ಅಪ್ಪ ತೀರಿಕೊಂಡಾಗಲೇ ಅವನು ತಲೆ ಬೋಳಿಸಿದ್ದು, ಈಗ ಯಾರು ಸತ್ತರು ಅಂತ ನನ್ನನ್ನೇ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ರಾತ್ರಿ ಮನೆಗೆ ಬಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಓದಿದೆ. 20ನೇ ಕಲಮಿನಲ್ಲಿ ನೇರವಾಗಿ ಬರೆದಿದೆ: ಬಲವಂತವಾಗಿ ತಲೆ ಬೋಳಿಸುವಂತಿಲ್ಲ, ಸಮವಸ್ತ್ರ ಹಾಕಿಸುವಂತಿಲ್ಲ, ಕೆಲಸ ಬಲವಂತವಾಗಿ ಮಾಡಿಸುವಂತಿಲ್ಲ, ಮಾಡಿದರೆ ತಕ್ಕ ಸಂಬಳ ಕೊಡಬೇಕು. ಪ್ರಿಂಟ್ ತೆಗೆದು ಮ್ಯಾನೇಜರ್ ಟೇಬಲ್ ಮೇಲಿಟ್ಟೆ. ಮೊದಲು ಮುಖ ಗಂಟಿಕ್ಕಿದರು. ಆಮೇಲೆ ಮಾತ್ರ ಹಾಗೆ ಮಾಡಿಲ್ಲ. ಈಗ ತಿಂಗಳಿಗೊಮ್ಮೆ ಕ್ಷೌರದವರು ಬರುತ್ತಾರೆ, ಹೇಗೆ ಬೇಕು ಅಂತ ಕೇಳಿ ಕಟ್ ಮಾಡುತ್ತಾರೆ.

ನೀವು ಹೋಮ್ ಹುಡುಕುತ್ತಿದ್ದರೆ ಬೆಳಗ್ಗೆ ನೋಡೋಕೆ ಹೋಗಬೇಡಿ. ಬೆಳಗ್ಗೆ ಎಲ್ಲ ಕಡೆ ಚೆನ್ನಾಗಿರುತ್ತದೆ. ಯೋಗ, ಕೈತೋಟ, ಕವರ್ ಅಂಟಿಸೋದು, ಫೋಟೋ ತೆಗೆಯೋರು. ಹೇಳದೆ ಕೇಳದೆ ಮಧ್ಯಾಹ್ನ ಮೂರಕ್ಕೆ ಹೋಗಿ. ನಮ್ಮಲ್ಲಿ ಆ ಹೊತ್ತಿಗೆ ಇಪ್ಪತ್ತೆರಡು ಗಂಡಸರು, ಒಂದು ಟಿವಿ, ಗೋಡೆಗೆ ಒರಗಿ ನಿಂತವರು ನಾಲ್ಕೈದು ಜನ. ಕೈಕೆಲಸ ಕಲಿಸುತ್ತಿದ್ದ ಮೇಷ್ಟ್ರು ಬಿಟ್ಟು ಹೋಗಿ ಎಂಟು ತಿಂಗಳಾಯಿತು, ಬೇರೆಯವರು ಬಂದಿಲ್ಲ. ಪ್ರತಿ ಸಲ ಕೇಳುತ್ತೇನೆ, ಮುಂದಿನ ತಿಂಗಳು ಅನ್ನುತ್ತಾರೆ. ಅಟೆಂಡರ್‌ಗಳೂ ನಿಲ್ಲುವುದಿಲ್ಲ, ರಾತ್ರಿ ಪಾಳಿಯವರು ಈ ವರ್ಷ ಮೂರನೇ ಸಲ ಬದಲಾದರು. ಇವನ ಹೆಸರು ಬಿಟ್ಟರೆ ಇವನ ಬಗ್ಗೆ ಅವರಿಗೇನೂ ಗೊತ್ತಿಲ್ಲ. ಬೆಚ್ಚಿ ಎದ್ದರೆ ಲೈಟ್ ಹಾಕಬಾರದು, ದೂರದಿಂದ ಮಾತಾಡಿಸಬೇಕು ಅಂತ ಪ್ರತಿ ಸಲ ನಾನೇ ಹೇಳಬೇಕು. ಕೊನೆಗೆ ಒಂದು ಹಾಳೆಯಲ್ಲಿ ಬರೆದು ಮಂಚದ ಪಕ್ಕ ಅಂಟಿಸಿದ್ದೇನೆ.

ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ಕೇಳಲು ಸಂಕೋಚ ಬೇಡ. ಅಡ್ವಾನ್ಸ್ ವಾಪಸ್ ಹೇಗೆ ಅಂತ ಬರೆಸಿಕೊಳ್ಳಿ. ನಾನು ಬರೆಸಿಕೊಂಡಿಲ್ಲ.

ಐದಕ್ಕೆ ಮೂರು ಸ್ಟಾರ್. ಬೇರೆ ಕಡೆ ಎರಡು ನೋಡಿ ಬಂದೆ, ಅಲ್ಲಿಯ ಮಧ್ಯಾಹ್ನಗಳು ಇದಕ್ಕಿಂತ ಕಡೆ. ಸದ್ಯ ಇಲ್ಲೇ ಇರಲಿ. ಬರುವ ಶನಿವಾರ ಬಾಚಣಿಗೆ ತರಲು ಹೇಳಿದ್ದಾನೆ. ಜೇಬಿಗೆ ಹಿಡಿಸೋ ಸಣ್ಣದು, ಕಪ್ಪು ಬಣ್ಣದ್ದೇ ಆಗಬೇಕಂತೆ.