ಕನ್ನಡ ಡಿಟಿಪಿ ಸಾಫ್ಟ್‌ವೇರ್ ತಗೊಳ್ಳೋ ಮುಂಚೆ ಇದನ್ನ ಓದಿ
ಪ್ರೆಸ್ಸು, ಡಿಟಿಪಿ ಸೆಂಟರ್ ನಡೆಸೋರು, ಸಂಘದ ಸ್ಮರಣ ಸಂಚಿಕೆ ಮಾಡೋರು ದಯವಿಟ್ಟು ಪೂರ್ತಿ ಓದಿ. ನಮ್ಮ ಪ್ರೆಸ್ಸಲ್ಲಿ ವರ್ಷಗಟ್ಲೆ ಒಂದು ಕಂಪನಿಯ ಕನ್ನಡ ಪ್ಯಾಕೇಜ್ ಮೇಲೇನೇ ಕೆಲಸ ನಡೀತಿತ್ತು, ಹೆಸರು ಬೇಡ, ಲೈಸೆನ್ಸ್‌ಗೆ ದುಡ್ಡು ಕೊಟ್ಟೇ ತಗೊಂಡಿದ್ದು, ಜೊತೆಗೊಂದು ಯುಎಸ್‌ಬಿ ಲಾಕ್, ಅದು ಸಿಕ್ಕಿಸಿದ್ರೆ ಮಾತ್ರ ಓಪನ್ ಆಗೋದು. ಕಂಪ್ಯೂಟರ್ ಕೆಟ್ಟು ಹೊಸದು ತಂದ್ವಿ, ಹೊಸ ವಿಂಡೋಸ್‌ನಲ್ಲಿ ಆ ಲಾಕ್‌ನ ಡ್ರೈವರ್ರೇ ಇನ್‌ಸ್ಟಾಲ್ ಆಗ್ಲಿಲ್ಲ. ಫೋನ್ ಮಾಡಿದ್ರೆ ಆ ವರ್ಷನ್‌ಗೆ ಸಪೋರ್ಟ್ ನಿಲ್ಸಿದೀವಿ, ಹೊಸದು ತಗೊಳ್ಳಿ ಅಂದ್ರು. ಹೋಗ್ಲಿ ಅಂತ ಅದನ್ನೂ ತಗೊಂಡ್ರೆ ಹಳೇ ಫೈಲಲ್ಲಿ ಒತ್ತಕ್ಷರ ಎಲ್ಲೆಲ್ಲೋ ಹೋಗಿ ಕೂತಿದೆ, ಅರ್ಕಾವತ್ತು ಇದ್ದ ಕಡೆಯೆಲ್ಲ ಖಾಲಿ ಡಬ್ಬಿ! ಅದೇ ಹೊತ್ತಿಗೆ ಮೇಷ್ಟ್ರೊಬ್ರು ತಮ್ಮ ಜಾನಪದ ಸಂಗ್ರಹದ ಎರಡನೇ ಮುದ್ರಣಕ್ಕೆ ಬಂದಿದ್ರು, ಅಚ್ಚಾದ ಪ್ರತಿ ನೋಡ್ಕೊಂಡು ಇಡೀ ಪುಸ್ತಕ ಮತ್ತೆ ಟೈಪ್ ಮಾಡ್ಬೇಕಾಯ್ತು, ವಯಸ್ಸಾದ ಜೀವ, ಪ್ರೂಫ್ ಮತ್ತೆ ಮೊದಲಿಂದ ಅವರೇ ನೋಡಿದ್ರು. ಬರೆದೋರಿಗೇ ಅವರ ಬರಹ ಸಿಗದಂಗೆ ಮಾಡೋ ಹಕ್ಕು ಯಾವ ಕಂಪನಿಗೂ ಇಲ್ಲ.

ದುಡ್ಡು ತಗೊಳ್ಳೋದಕ್ಕೆ ನನ್ನ ತಕರಾರಿಲ್ಲ. ಪುಟ ಜೋಡಿಸೋ ಇನ್‌ಡಿಸೈನ್‌ಗೂ ದುಡ್ಡು ಕೊಡ್ಬೇಕು, ಆದ್ರೆ ಅದರಲ್ಲಿರೋ ವರ್ಲ್ಡ್ ರೆಡಿ ಕಂಪೋಸರ್ ಅನ್ನೋ ಸೆಟ್ಟಿಂಗ್ ಆನ್ ಮಾಡಿದ್ರೆ ಯೂನಿಕೋಡ್ (ಎಲ್ಲಾ ಕಡೆ ಒಂದೇ ಆಗಿರೋ ಅಕ್ಷರ ಕೋಡ್) ಕನ್ನಡ ಚೆನ್ನಾಗೇ ಬರತ್ತೆ. ಅದೇ ಕೆಲಸದ ಹಳೇ ಪೇಜ್‌ಮೇಕರ್‌ನಲ್ಲಿ ಯೂನಿಕೋಡೇ ಇಲ್ಲ, ಆದ್ರೂ ಎಷ್ಟೋ ಕಡೆ ಇನ್ನೂ ಅದೇ ಓಡ್ತಿದೆ. ಓಪನ್ ಸೋರ್ಸ್ (ಒಳಗಿನ ಕೋಡ್ ಎಲ್ಲರಿಗೂ ತೆರೆದಿಟ್ಟ ಸಾಫ್ಟ್‌ವೇರ್) ಎಲ್ಲಾ ಸರಿ ಅಂತಾನೂ ಹೇಳಲ್ಲ, ಪುಟ ಜೋಡಿಸೋ ಸ್ಕ್ರೈಬಸ್ 1.4ರಲ್ಲಿ ಕನ್ನಡದ ಒತ್ತು ಸರಿಯಾಗಿ ಕೂರ್ತಿರ್ಲಿಲ್ಲ, 2024ರಲ್ಲಿ ಬಂದ 1.6ರಿಂದ ಪರವಾಗಿಲ್ಲ. ಲಿಬ್ರೆ ಆಫೀಸ್‌ನ ಓಡಿಟಿ ಫೈಲು ಮಾತ್ರ 2006ರಿಂದ ಐಎಸ್ಒ (ಅಂತರರಾಷ್ಟ್ರೀಯ) ಸ್ಟ್ಯಾಂಡರ್ಡು, ಒಂದು ಸಾಫ್ಟ್‌ವೇರ್ ಹೋದ್ರೂ ಇನ್ನೊಂದರಲ್ಲಿ ತೆಗೀಬಹುದು.

ಏನೇ ಕೊಳ್ಳೋ ಮುಂಚೆ ಡೆಮೋದಲ್ಲಿ ನಾಲ್ಕು ಸಾಲು ಟೈಪ್ ಮಾಡ್ಸಿ, ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ. ಕನ್ನಡವೇ ಕಂಡ್ರೆ ಯೂನಿಕೋಡ್. ಪಿ, ಎ, ತಲೆ ಮೇಲೆ ಗೀಟಿರೋ ಇಂಗ್ಲಿಷ್ ಅಕ್ಷರ ಕಂಡ್ರೆ ನಿಮ್ಮ ಮ್ಯಾಟರ್ ಆ ಫಾಂಟ್ ಇಲ್ದೆ ಓದಕ್ಕಾಗಲ್ಲ. ನುಡಿ, ಬರಹದ ಹಳೇ ಆಸ್ಕಿ (ಯೂನಿಕೋಡ್ ಅಲ್ಲದ) ಫೈಲಿಗೆ ಪುಕ್ಕಟೆ ಕನ್ವರ್ಟರ್ ಸಿಗತ್ತೆ, ಆದ್ರೆ ನಮಗೆ ಪ್ಯಾಕೇಜ್ ಕೊಟ್ಟ ಕಂಪನಿ ತನ್ನದೇ ಬೇರೆ ಕೋಡ್ ಹಾಕಿತ್ತು, ಯಾವ ಅಕ್ಷರಕ್ಕೆ ಯಾವ ಕೋಡ್ ಅನ್ನೋ ಪಟ್ಟಿ ಕೇಳಿದ್ರೂ ಕೊಡ್ಲಿಲ್ಲ.

ಲಾಕ್ ಇರೋ ಹಳೇ ಕಂಪ್ಯೂಟರ್ ನಿಮ್ಮಲ್ಲಿ ಇನ್ನೂ ಓಡ್ತಿದ್ರೆ ಈಗ್ಲೇ ಎಲ್ಲಾ ಫೈಲೂ ಯೂನಿಕೋಡ್‌ಗೆ ತೆಗೆದಿಟ್ಕೊಳ್ಳಿ, ಆಗದೇ ಇರೋದನ್ನ ಪಿಡಿಎಫ್ ಆದ್ರೂ ಮಾಡಿ, ಅದು ಮುಗಿಯೋ ತನಕ ಆ ಕಂಪ್ಯೂಟರ್‌ಗೆ ಹೊಸ ವಿಂಡೋಸ್ ಹಾಕಕ್ಕೆ ಹೋಗ್ಬೇಡಿ.