ಎರಿ ಭೂಮಿಯಲ್ಲಿ ಈಜುಕೊಳ: ಟೈಲ್ ಆರಿಸುವ ಮೊದಲು ಇದನ್ನು ಓದಿ

ವಿಜಯಪುರದ ಹೊರಬಡಾವಣೆಯೊಂದರಲ್ಲಿ ಮನೆ ಮಾಲೀಕರೇ ಮುಂದೆ ನಿಂತು ಹಿತ್ತಲಲ್ಲಿ ಕಟ್ಟಿಸಿದ ಈಜುಕೊಳವೊಂದು ಈಗ ಒಡೆದು ಬಿದ್ದಿದೆ. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.35 ಮೀಟರ್ ಆಳ. ಹಿಡಿಯುವ ನೀರು ಸುಮಾರು 43,000 ಲೀಟರ್. ಮಾರ್ಚ್‌ನಲ್ಲಿ ತೆಗ್ಗು ತೋಡಿಸಿದರು, ಏಪ್ರಿಲ್‌ನಲ್ಲಿ ಕಾಂಕ್ರೀಟ್, ಮೇ ಕೊನೆಗೆ ಟೈಲ್, ಜೂನ್‌ನಲ್ಲಿ ನೀರು. ಉತ್ತರಿ ಮಳೆ ಮುಗಿದು ಹಸ್ತ ಹಿಡಿಯುವಷ್ಟರಲ್ಲಿ ಉದ್ದದ ಗೋಡೆ ನಟ್ಟನಡುವೆ ಒಂದೂವರೆ ಇಂಚು ಒಳಕ್ಕೆ ಬಾಗಿತ್ತು. ನೆಲವೂ ಗೋಡೆಯೂ ಸೇರುವ ಮೂಲೆಯಲ್ಲಿ ಬೆರಳಿನ ಉಗುರು ಹೋಗುವಷ್ಟು ಸೀಳು. ರಿಪೇರಿ ಮಾಡೋಣವೆಂದು ಅದೇ ಮಳೆಯಲ್ಲಿ ನೀರು ಖಾಲಿ ಮಾಡಿಸಿದರು. ಮೂರನೆಯ ದಿನ ಬೆಳಗ್ಗೆ ನೋಡಿದರೆ ಒಂದು ಕಡೆಯ ನೆಲ ನಾಲ್ಕು ಇಂಚು ಮೇಲೆದ್ದಿತ್ತು, ತಳದ ಪೈಪುಗಳು ಮುರಿದಿದ್ದವು. ಅಲ್ಲಿಗೆ ಅದು ರಿಪೇರಿಯ ಮಾತು ಮುಗಿದ ಪೂಲ್.

ಸಿಮೆಂಟ್ ಒಳ್ಳೆಯದಿತ್ತು, ಕಬ್ಬಿಣ ಒಳ್ಳೆಯದಿತ್ತು, ಗೌಂಡಿ ಇಪ್ಪತ್ತು ವರ್ಷ ಕೆಲಸ ಮಾಡಿದವನು. ಆದರೆ ಅವನು ಕಟ್ಟಿದ್ದೆಲ್ಲ ಮನೆ ಮತ್ತು ನೀರಿನ ಸಂಪು. ಮನೆಯ ಸಂಪು ಚಿಕ್ಕದು, ಮೇಲೆ ಸ್ಲ್ಯಾಬ್ ಇರುತ್ತದೆ, ನಾಲ್ಕೂ ಗೋಡೆ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಈಜುಕೊಳಕ್ಕೆ ಮೇಲೆ ಹಿಡಿತವಿಲ್ಲ. ಎಂಟು ಮೀಟರಿನ ಗೋಡೆ ಬುಡದ ಹಿಡಿತದ ಮೇಲೆ ಮಾತ್ರ ನಿಂತಿರುತ್ತದೆ, ಅದರ ಬೆನ್ನಿಗೆ ಎರಿ ಮಣ್ಣು, ಅಂದರೆ ನಮ್ಮ ಕಡೆಯ ಕಪ್ಪು ಜೇಡಿಮಣ್ಣು.

ಇಡೀ ಲೆಕ್ಕ ಇಲ್ಲೇ ತಪ್ಪುವುದು. ಕೊಳ ಕಟ್ಟಿಸುವವರೆಲ್ಲ ಒಳಗಿನ ನೀರಿಗೆ ಹೆದರುತ್ತಾರೆ. 1.35 ಮೀಟರ್ ಆಳದಲ್ಲಿ ನೀರು ಗೋಡೆಯ ಬುಡಕ್ಕೆ ಕೊಡುವ ಒತ್ತಡ ಪ್ರತಿ ಚದರ ಮೀಟರಿಗೆ 1.35 ಟನ್, ಅಷ್ಟೆ. ಎರಿ ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಬ್ಯಾಸಿಗೆಯಲ್ಲಿ ಹೊಲದಲ್ಲಿ ಕೈ ಇಳಿಯುವಂಥ ಬಿರುಕು ನೋಡದವರು ನಮ್ಮ ಕಡೆ ಯಾರೂ ಇಲ್ಲ. ಅದೇ ಒಣ ಮಣ್ಣನ್ನು ಅಲುಗದಂತೆ ಕಟ್ಟಿಹಾಕಿ ನೀರು ಕುಡಿಸಿದರೆ ಅದು ತಳ್ಳುವ ಬಲ ಪ್ರತಿ ಚದರ ಮೀಟರಿಗೆ 5 ಟನ್, 15 ಟನ್, ಹೆಚ್ಚು ಜಿಗುಟಾದ ಮಣ್ಣಿನಲ್ಲಿ 30 ಟನ್ ದಾಟಬಹುದು. ಗೋಡೆ ಸ್ವಲ್ಪ ಜರುಗಿದರೆ ಬಲ ಇಳಿಯುತ್ತದೆ ನಿಜ, ಆದರೆ ಕಾಂಕ್ರೀಟಿನಲ್ಲಿ ಆ 'ಸ್ವಲ್ಪ ಜರುಗುವುದು' ಎಂದರೆ ಸೀಳು.

ಈ ಕೊಳದಲ್ಲಿ ತೋಡಿದ ಎರಿ ಮಣ್ಣನ್ನೇ ಗೋಡೆಯ ಹಿಂದೆ ತಿರುಗಿ ತುಂಬಿದ್ದರು. ಕಾರಣ ಸಾಗಣೆ ಖರ್ಚು. ಮೇ ತಿಂಗಳಲ್ಲಿ ತುಂಬಿದ ಮಣ್ಣು ಹೆಂಟೆ ಹೆಂಟೆಯಾಗಿ ಕಲ್ಲಿನಂತೆ ಒಣಗಿತ್ತು, ಅಂದರೆ ಉಬ್ಬಲು ಪೂರ್ತಿ ಸಿದ್ಧವಾಗಿತ್ತು. ಸಾಲದೆಂಬಂತೆ ಗೋಡೆಗೆ ಒಂದೇ ಜಾಲರಿ, ಅದೂ ನೀರಿನ ಕಡೆಯ ಮುಖಕ್ಕೆ. ನೀರು ಹೊರಕ್ಕೆ ತಳ್ಳಿದಾಗ ಎಳೆತ ಒಳಮುಖಕ್ಕೆ ಬೀಳುತ್ತದೆ, ಆ ಕಬ್ಬಿಣ ಕೆಲಸಕ್ಕೆ ಬರುತ್ತದೆ. ಮಣ್ಣು ಒಳಕ್ಕೆ ತಳ್ಳಿದಾಗ ಎಳೆತ ಹೊರಮುಖಕ್ಕೆ ಬೀಳುತ್ತದೆ, ಅಲ್ಲಿ ಬರೀ ಕಾಂಕ್ರೀಟ್. ಗೋಡೆಗೂ ನೆಲಕ್ಕೂ ಎರಡೂ ಮುಖಕ್ಕೆ ಜಾಲರಿ ಬೇಕೇಬೇಕು. ಸಳಿ 10 ಮಿ.ಮೀ.ದೋ 12 ಮಿ.ಮೀ.ದೋ, ಎಷ್ಟು ಅಂತರಕ್ಕೆ ಎಂಬುದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಬರೆದು ಸಹಿ ಹಾಕಿದ ನಕ್ಷೆ ಹೇಳಬೇಕು, ಬಾಯಿಮಾತಲ್ಲ. ಆ ನಕ್ಷೆಗೆ ಕೊಡುವ ಫೀ ಉಳಿಸಲು ಹೋಗಬೇಡಿ.

ಹಾಗಾದರೆ ಮೊದಲ ಕೆಲಸವೇನು? ಜೆಸಿಬಿ ಕರೆಸಿ ಕೊಳದ ಜಾಗದ ಎರಡು ತುದಿಯಲ್ಲಿ 3 ಮೀಟರ್ ಆಳದ ಎರಡು ತೆಗ್ಗು ಹೊಡೆಸುವುದು. ಒಂದೇ ಪ್ಲಾಟಿನಲ್ಲಿ ಒಂದು ಕಡೆ ಮೂರು ಅಡಿಗೆ ಗರಸು (ಮುರಂ, ಉಬ್ಬದ ಗಟ್ಟಿ ಮಣ್ಣು) ಸಿಕ್ಕರೆ ಇನ್ನೊಂದು ಕಡೆ ಎಂಟು ಅಡಿ ಎರಿ ಇರುವುದುಂಟು. ಅಂಥಲ್ಲಿ ಕಟ್ಟಿದರೆ ಅರ್ಧ ಕೊಳ ಅಲುಗದೆ ನಿಂತು ಇನ್ನರ್ಧ ಏರಿಳಿಯುತ್ತದೆ. ಎರಡೂ ತೆಗ್ಗಿನ ಮಣ್ಣನ್ನು ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಮಣ್ಣಿನ ಪ್ರಯೋಗಾಲಯಕ್ಕೆ ಕೊಟ್ಟು 'ಫ್ರೀ ಸ್ವೆಲ್' ಪರೀಕ್ಷೆ ಮಾಡಿಸಿ. ಒಣಗಿಸಿ ಜರಡಿ ಹಿಡಿದ 10 ಗ್ರಾಂ ಮಣ್ಣನ್ನು ನೀರು ತುಂಬಿದ ಅಳತೆ ಗಾಜಿಗೆ ಹಾಕುತ್ತಾರೆ, ಇನ್ನೊಂದು 10 ಗ್ರಾಂ ಅನ್ನು ಚಿಮಣಿ ಎಣ್ಣೆ ತುಂಬಿದ ಗಾಜಿಗೆ. 24 ಗಂಟೆ ಬಿಡುತ್ತಾರೆ. ಎಣ್ಣೆಯಲ್ಲಿ ಜೇಡಿ ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಎಣ್ಣೆಯಲ್ಲಿ 10 ಮಿ.ಲೀ. ನಿಂತದ್ದು ನೀರಿನಲ್ಲಿ 15 ಮಿ.ಲೀ. ದಾಟಿದರೆ, ಅಂದರೆ ಹೆಚ್ಚಳ ಶೇ. 50 ಮೀರಿದರೆ, ಆ ಮಣ್ಣು ಕೊಳದ ಕೆಳಗೂ ಇರಬಾರದು, ಬೆನ್ನಿಗೂ ಇರಬಾರದು.

ಇರಬಾರದೆಂದರೆ ತೆಗೆದು ಹೊರಗೆ ಸಾಗಿಸಬೇಕು. ಲೆಕ್ಕ ಹಾಕಿ: ಗೋಡೆಯ ಸುತ್ತ ಕೆಲಸಕ್ಕೆ 90 ಸೆಂ.ಮೀ. ಜಾಗ ಬಿಟ್ಟು, ನೆಲದ ಕೆಳಗೆ 90 ಸೆಂ.ಮೀ. ಗರಸಿಗೆ ಜಾಗ ಮಾಡಿದರೆ ತೋಡುವುದು ಸುಮಾರು 160 ಘನ ಮೀಟರ್, ಅಂದರೆ 57 ಬ್ರಾಸ್ (ಒಂದು ಬ್ರಾಸ್ ಎಂದರೆ 100 ಘನ ಅಡಿ). ತೋಡಿದ ಮಣ್ಣು ಸಡಿಲಾಗಿ ಕಾಲುಭಾಗಕ್ಕಿಂತ ಹೆಚ್ಚು ಉಬ್ಬುವುದರಿಂದ ಸಾಗಿಸುವಾಗ 70 ಬ್ರಾಸಿನ ಮೇಲೆ. ಟ್ರ್ಯಾಕ್ಟರಿಗೆ ಒಂದು ಬ್ರಾಸ್ ಹಿಡಿದರೂ 70 ಟ್ರಿಪ್ ಆಯಿತು. ಒಳಕ್ಕೆ ಗರಸು ತರುವ ಟ್ರಿಪ್ ಬೇರೆ. ಕೊಟೇಶನ್‌ನಲ್ಲಿ ಈ ಸಾಲೇ ಇಲ್ಲದಿದ್ದರೆ ನಿಮ್ಮ ಎರಿ ಮಣ್ಣು ಗೋಡೆಯ ಹಿಂದೆಯೇ ವಾಪಸ್ ಹೋಗಲಿದೆ ಎಂದು ತಿಳಿಯಿರಿ.

ಎರಿ ತೆಗೆದ ಜಾಗಕ್ಕೆ ಉಸುಕು ತುಂಬುವವರಿದ್ದಾರೆ. ಅದು ಇನ್ನೂ ಕೆಟ್ಟದ್ದು. ಉಸುಕು ನೀರನ್ನು ಸರಾಗವಾಗಿ ಕೆಳಗಿಳಿಸಿ ತಳದ ಎರಿಗೆ ಕುಡಿಸುತ್ತದೆ. ಬೇಕಾದದ್ದು ಅಂಟಿಕೊಂಡು ಗಟ್ಟಿಯಾಗುವ ಆದರೆ ಉಬ್ಬದ ಮಣ್ಣು, ನಮ್ಮಲ್ಲಿ ಸಿಗುವ ಒಳ್ಳೆಯ ಗರಸು. ಇದು ಹೊಸ ಮಾತೇನಲ್ಲ. ಎರಿ ಭೂಮಿಯಲ್ಲಿ ಕಾಲುವೆಯ ಲೈನಿಂಗ್ ಒಡೆಯುತ್ತಿದ್ದ ಕಾಲದಲ್ಲಿ ಐಐಟಿ ಬಾಂಬೆಯ ಪ್ರೊ. ಆರ್. ಕೆ. ಕಟ್ಟಿ ಅವರು ಉಬ್ಬದ ಮಣ್ಣಿನ ಒಂದು ಮೀಟರಿನಷ್ಟು ದಪ್ಪ ಹಾಸು ಕೆಳಗಿನ ಉಬ್ಬನ್ನು ತಡೆಯುತ್ತದೆ ಎಂದು ತೋರಿಸಿದರು. ನಮ್ಮ ಮಲಪ್ರಭೆಯ ಕಾಲುವೆಯಲ್ಲೇ ಆ ವಿಧಾನ ಬಳಕೆಗೆ ಬಂತು. ಗರಸನ್ನು ಒಮ್ಮೆಗೇ ಸುರಿಯಬಾರದು. 15ರಿಂದ 20 ಸೆಂ.ಮೀ. ಪದರ, ಹದವಾಗಿ ನೀರು ಚಿಮುಕಿಸಿ ಯಂತ್ರದಿಂದ ದಮ್ಮಸು, ಆಮೇಲೆ ಮುಂದಿನ ಪದರ. ಕೈಯಲ್ಲಿ ಹಿಡಿದು ಅದುಮಿದರೆ ಉಂಡೆಯಾಗಬೇಕು, ಅಂಗೈಗೆ ನೀರು ಬರಬಾರದು.

ಇನ್ನು ನೆಲ ಮೇಲೆದ್ದ ಕಥೆ. ನಾಲ್ಕುನೂರು ಅಡಿ ಬೋರ್ ಕೊರೆದರೂ ನೀರು ಸಿಗದ ಊರಲ್ಲಿ ಕೊಳ ತೇಲುವುದು ಹೇಗೆ ಎಂದು ಬಹಳ ಜನ ಕೇಳುತ್ತಾರೆ. ಅಂತರ್ಜಲಕ್ಕೂ ಇದಕ್ಕೂ ಸಂಬಂಧವಿಲ್ಲ. ನೆನೆದ ಎರಿ ನೀರನ್ನು ಇಂಗಿಸುವುದೇ ಇಲ್ಲ. ಅದರಲ್ಲಿ ತೋಡಿದ ತೆಗ್ಗು ಒಂದು ಬೋಗುಣಿ, ಕೊಳ ಆ ಬೋಗುಣಿಯಲ್ಲಿಟ್ಟ ತಾಟು. ಸುತ್ತ ಸಡಿಲಾಗಿ ತುಂಬಿದ ಮಣ್ಣಿನ ಮೂಲಕ ಮಳೆನೀರು ಇಳಿದು ಬೋಗುಣಿ ತುಂಬುತ್ತದೆ, ಹೊರಹೋಗಲು ದಾರಿಯಿಲ್ಲ. 20 ಸೆಂ.ಮೀ. ದಪ್ಪದ ನೆಲ ಮತ್ತು ಗೋಡೆಯಿರುವ ಈ ಅಳತೆಯ ಕೊಳದಲ್ಲಿ ಕಾಂಕ್ರೀಟ್ ಸುಮಾರು 14 ಘನ ಮೀಟರ್, ತೂಕ 35 ಟನ್. ಹೊರಗೆ ತಳದಿಂದ ನೀರು ಒಂದು ಮೀಟರ್ ಏರಿದರೆ ಅದು ಮೇಲಕ್ಕೆತ್ತುವ ಬಲ 37 ಟನ್. ಒಳಗೆ ನೀರಿದ್ದಾಗ 43 ಟನ್ ಭಾರ ಅದನ್ನು ಅದುಮಿ ಹಿಡಿದಿರುತ್ತದೆ. ಮಳೆಗಾಲದಲ್ಲಿ ಆ ಭಾರವನ್ನು ಪಂಪ್ ಹಚ್ಚಿ ಹೊರಗೆ ಹಾಕಿದರು, ಕೊಳ ಎದ್ದಿತು.

ಇದಕ್ಕೆ ಮದ್ದು ಅಗ್ಗವಾಗಿದೆ, ಕಟ್ಟುವಾಗಲೇ ಮಾಡಬೇಕು ಅಷ್ಟೆ. ತೆಗ್ಗಿನ ಅತಿ ತಗ್ಗಿನ ಮೂಲೆಯಲ್ಲಿ, ಕೊಳದ ಹೊರಗೆ, 200 ಮಿ.ಮೀ. ಪಿವಿಸಿ ಪೈಪನ್ನು ನೆಟ್ಟಗೆ ನಿಲ್ಲಿಸಿ. ಅದರ ಬುಡ ಕೊಳದ ನೆಲಕ್ಕಿಂತ 30 ಸೆಂ.ಮೀ. ಕೆಳಗಿರಲಿ, ಕೆಳಗಿನ ಒಂದು ಮೀಟರಿಗೆ ತೂತು ಹೊಡೆದು ಮಣ್ಣು ತಡೆದು ನೀರು ಬಿಡುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಸುತ್ತಿ, ಸುತ್ತ 20 ಮಿ.ಮೀ. ಖಡಿ ಹಾಕಿ. ಮೇಲೆ ಮುಚ್ಚಳ. ಟೇಪ್ ಇಳಿಸಿದರೆ ಹೊರಗೆ ನೀರೆಷ್ಟಿದೆ ಎಂದು ತಿಳಿಯುತ್ತದೆ, ಹೆಚ್ಚಾದರೆ ಸಣ್ಣ ಸಬ್‌ಮರ್ಸಿಬಲ್ ಇಳಿಸಿ ತೆಗೆಯಬಹುದು. ಜೊತೆಗೆ ತಳದ ಡ್ರೇನ್ ಡಬ್ಬಿಯಲ್ಲಿ ಹೈಡ್ರೋಸ್ಟ್ಯಾಟಿಕ್ ವಾಲ್ವ್ ಕೂರಿಸಿ. ಹೊರಗಿನ ಒತ್ತಡ ಹೆಚ್ಚಾದಾಗ ಅದು ತೆರೆದು ನೀರನ್ನು ಒಳಗೆ ಬಿಡುತ್ತದೆ. ಅದೊಂದನ್ನೇ ನಂಬಬೇಡಿ, ಉಸುಕು ಸಿಕ್ಕಿ ಅಂಟಿಕೊಳ್ಳುತ್ತದೆ. ಸುತ್ತ ಒಂದೂವರೆ ಮೀಟರ್ ಅಗಲದ ಕಾಂಕ್ರೀಟ್ ಹಾಸು ಹೊರಕ್ಕೆ ಇಳಿಜಾರಾಗಿರಲಿ. ಮಾಳಿಗೆಯ ನೀರಿನ ಪೈಪ್ ಅಲ್ಲಿ ಬೀಳದಿರಲಿ. ಒಂದು ಬದಿಗೆ ದಿನಾ ನೀರು ಹಾಯಿಸುವ ಹುಲ್ಲುಹಾಸು, ಇನ್ನೊಂದು ಬದಿ ಒಣ ಅಂಗಳ ಮಾಡಿದರೆ ಕೊಳ ಒಂದು ಕಡೆ ಎದ್ದು ವಾಲುತ್ತದೆ. ನೀರಿನ ಗೆರೆ ಟೈಲ್ ಸಾಲಿಗೆ ಓರೆಯಾಗಿ ಕಾಣತೊಡಗಿದರೆ ಅದೇ ಗುರುತು.

ಬೆಳಗಾವಿಯವರಿಗೆ ಬೇರೆ ಮಾತು. ಅಲ್ಲಿ ಕೆಂಪು ಜಂಬಿಟ್ಟಿಗೆ ನೆಲ ಇರುವಲ್ಲಿ ಉಬ್ಬಿನ ಕಾಟ ಕಡಿಮೆ, ಆದರೆ ಮಳೆ ವಿಜಯಪುರದ ಎರಡರಷ್ಟು; ಜುಲೈ–ಆಗಸ್ಟ್‌ನಲ್ಲಿ ಬಾವಿಗಳ ನೀರು ಕೈಗೆಟಕುವಂತೆ ಮೇಲೆ ಬರುವ ಓಣಿಗಳಿವೆ. ಅಲ್ಲಿ ತೇಲುವ ಭಯವೇ ಮೊದಲನೆಯದು. ಬಾಗಲಕೋಟೆಯಲ್ಲಿ ಆಲಮಟ್ಟಿ ಜಲಾಶಯ 519.60 ಮೀಟರಿಗೆ ತುಂಬಿದಾಗ ಘಟಪ್ರಭೆಯ ಹಿನ್ನೀರು ಹಳೇ ಊರಿನ ಅಂಚಿಗೆ ಬರುತ್ತದೆ, ಆ ಬದಿಯವರಿಗೂ ಇದೇ ಎಚ್ಚರ.

ಕಾಂಕ್ರೀಟಿನ ಬಗ್ಗೆ. ನೀರು ಹಿಡಿಯುವ ಆರ್‌ಸಿಸಿಗೆ ಭಾರತೀಯ ಮಾನಕ ಐಎಸ್ 3370 ಹೇಳುವುದು ಕನಿಷ್ಠ ಎಂ30 ದರ್ಜೆಯ ಕಾಂಕ್ರೀಟ್, ನೀರು–ಸಿಮೆಂಟ್ ಪ್ರಮಾಣ 0.45ಕ್ಕಿಂತ ಹೆಚ್ಚಿಲ್ಲ. ಅಂದರೆ 50 ಕೆ.ಜಿ. ಚೀಲಕ್ಕೆ 22.5 ಲೀಟರ್ ನೀರು, ಅದೂ ಉಸುಕಿನಲ್ಲಿರುವ ತೇವವನ್ನು ಸೇರಿಸಿ. ಹಸಿ ಉಸುಕಿದ್ದರೆ ನೀವು ಹಾಕುವುದು 18 ಲೀಟರ್ ಆಸುಪಾಸು. ಸೈಟಿನಲ್ಲಿ ಪೈಪ್ ಹಿಡಿದು ಕಣ್ಣಳತೆಯಲ್ಲಿ ಹಾಕುವಾಗ ಅದು 30 ದಾಟುತ್ತದೆ. ಹೆಚ್ಚಿನ ನೀರು ಆರಿಹೋಗಿ ಬಿಟ್ಟ ಸಣ್ಣ ರಂಧ್ರಗಳಲ್ಲೇ ಕೊಳ ಸೋರುವುದು. ಗಟ್ಟಿಯಾಯಿತು, ಜಾರುತ್ತಿಲ್ಲ ಎಂದರೆ ಪ್ಲಾಸ್ಟಿಸೈಸರ್ ಹಾಕಬೇಕು, ನೀರಲ್ಲ. ರೆಡಿಮಿಕ್ಸ್ ಲಾರಿಗೂ ಅದೇ ನಿಯಮ.

ನೆಲ ಹಾಕುವ ದಿನವೇ ಅದರ ಜೊತೆಗೆ ಗೋಡೆಯ 15 ಸೆಂ.ಮೀ. ಬುಡವನ್ನೂ ಹಾಕಿಸಿ, ಅದರ ನೆತ್ತಿಯಲ್ಲಿ, ಕೂಡುವ ಜಾಗದಿಂದ ನೀರು ಸೋರದಂತೆ ತಡೆಯುವ ಪಿವಿಸಿ ವಾಟರ್‌ಸ್ಟಾಪ್ ಪಟ್ಟಿ ಅರ್ಧ ಹುಗಿದು ಅರ್ಧ ನಿಂತಿರಬೇಕು. ಸೀಳು ಬಿಟ್ಟ ಆ ಕೊಳದಲ್ಲಿ ಪಟ್ಟಿಯೇ ಇರಲಿಲ್ಲ. ನೆಲ ಹಾಕಿದ ಮೇಲೆ ಮೂರು ದಿನ ಬಿಟ್ಟು, ಧೂಳೂ ತೊಳೆಯದೆ ನೇರ ಗೋಡೆ ಎತ್ತಿದ್ದರು. ಸೆಂಟ್ರಿಂಗ್ ಹಿಡಿಯಲು ಗೋಡೆಯ ಆರಪಾರ ತಂತಿ, ಪೈಪ್ ಹಾಯಿಸಲು ಬಿಡಬೇಡಿ. ಕಬ್ಬಿಣದ ಹೊರಗೆ 45 ಮಿ.ಮೀ. ಕಾಂಕ್ರೀಟ್ ಉಳಿಯುವಂತೆ ಕವರ್ ಬ್ಲಾಕ್ ಇಡಿಸಿ, ಖಡಿ ತುಂಡು ಸಿಕ್ಕಿಸಲು ಒಪ್ಪಬೇಡಿ. ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ ಕಾಂಕ್ರೀಟ್ ಹಾಕುವುದೇ ತಪ್ಪು; ಹಾಕಿದರೆ ನಸುಕಿನಲ್ಲಿ. 14 ದಿನ ನೆಲದ ಮೇಲೆ ನೀರು ನಿಲ್ಲಿಸಿ, ಗೋಡೆಗೆ ಹಸಿ ಗೋಣಿಚೀಲ ಇಳಿಬಿಡಿ. ಪೈಪುಗಳನ್ನು ಕಾಂಕ್ರೀಟಿಗೆ ಮೊದಲು ಮುಚ್ಚಿ 2 ಕೆ.ಜಿ. ಒತ್ತಡದಲ್ಲಿ ಒಂದು ದಿನ ಬಿಟ್ಟು, ಗೇಜಿನ ಮುಳ್ಳು ಇಳಿಯದಿದ್ದರೆ ಮಾತ್ರ ಮುಂದುವರಿಯಿರಿ. ತಳದ ಡ್ರೇನ್ ಎರಡಿರಲಿ, ನಡುವೆ ಮೂರು ಅಡಿ ಅಂತರವಿರಲಿ. ಒಂದೇ ಇದ್ದರೆ ಮಕ್ಕಳ ಕೂದಲನ್ನೋ ಕೈಯನ್ನೋ ಎಳೆದು ಹಿಡಿದುಬಿಡುತ್ತದೆ. ನೀರೊಳಗಿನ ದೀಪ 12 ವೋಲ್ಟಿನದ್ದೇ ಆಗಬೇಕು, ಪಂಪಿನ ಲೈನಿಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಬೇಕು. ಈ ಎರಡರಲ್ಲಿ ರಾಜಿಯೇ ಇಲ್ಲ, ಜೀವದ ವಿಷಯ.

ಟೈಲ್ ನೀರು ತಡೆಯುವುದಿಲ್ಲ. ಆದ್ದರಿಂದ ಟೈಲಿಗೆ ಮೊದಲು, ಗೋಡೆಯ ಹಿಂದೆ ಗರಸು ತುಂಬುವುದಕ್ಕೂ ಮೊದಲು, ಬರೀ ಕಾಂಕ್ರೀಟ್ ಕೊಳಕ್ಕೆ ನೀರು ತುಂಬಿ ಒಂದು ವಾರ ಹೀರಿಕೊಳ್ಳಲು ಬಿಡಿ. ಆಮೇಲೆ ಮೆಟ್ಟಿಲ ಮೇಲೆ ಬಕೆಟ್ ಇಟ್ಟು, ಒಳಗಿನ ನೀರು ಕೊಳದ ನೀರಿನ ಮಟ್ಟಕ್ಕೆ ಸರಿಯಾಗುವಂತೆ ತುಂಬಿ, ಎರಡಕ್ಕೂ ಗುರುತು ಹಾಕಿ. 24 ಗಂಟೆಯಲ್ಲಿ ಬಕೆಟ್ ಇಳಿದಷ್ಟು ಬಿಸಿಲಿಗೆ ಹೋದದ್ದು. ಕೊಳ ಅದಕ್ಕಿಂತ ಹೆಚ್ಚು ಇಳಿದದ್ದು ಸೋರಿಕೆ. 32 ಚದರ ಮೀಟರಿನ ಕೊಳದಲ್ಲಿ ಒಂದು ಮಿ.ಮೀ. ಎಂದರೆ 32 ಲೀಟರ್. ಮೂರು ಮಿ.ಮೀ. ವ್ಯತ್ಯಾಸ ಬಂದರೆ ದಿನಕ್ಕೆ ನೂರು ಲೀಟರಿನ ಹತ್ತಿರ ಎರಿಗೆ ಕುಡಿಸುತ್ತಿದ್ದೀರಿ. ಹೊರಮುಖ ತೆರೆದೇ ಇರುವುದರಿಂದ ಜಿನುಗುವ ಜಾಗ ಕಣ್ಣಿಗೆ ಕಾಣುತ್ತದೆ.

ಗುತ್ತಿಗೆಯವನಿಗೆ ಹಣವನ್ನು ಈ ಘಟ್ಟಗಳಿಗೇ ಕಟ್ಟಿ: ಗರಸಿನ ದಮ್ಮಸು ಮುಗಿದಾಗ, ಪೈಪ್ ಒತ್ತಡ ಪರೀಕ್ಷೆ ಪಾಸಾದಾಗ, ಬಕೆಟ್ ಪರೀಕ್ಷೆ ಪಾಸಾದಾಗ. ಕೊನೆಯ ಶೇ. 10 ಒಂದು ಮಳೆಗಾಲ ದಾಟಿದ ಮೇಲೆ. ದೀಪಾವಳಿ ಮುಗಿದ ಕೂಡಲೇ ತೋಡಲು ಹಚ್ಚಿದರೆ ಅಡ್ಡಮಳೆ ಬರುವ ಮೊದಲು ಗರಸು ತುಂಬಿ ಸುತ್ತಲಿನ ಹಾಸೂ ಮುಗಿಯುತ್ತದೆ.

ಈಗಾಗಲೇ ಕಟ್ಟಿ, ಸೀಳು ಕಾಣಿಸಿಕೊಂಡಿದ್ದರೆ, ಮಳೆಗಾಲದಲ್ಲಿ ಖಾಲಿ ಮಾಡಬೇಡಿ. ನೀರು ತುಂಬಿಯೇ ಇಡಿ, ಸೋರಿದಷ್ಟು ಸೇರಿಸುತ್ತಿರಿ. ಸೀಳಿನ ಎರಡು ಕಡೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದು ವಾರಕ್ಕೊಮ್ಮೆ ಅಳೆಯಿರಿ. ಖಾಲಿ ಮಾಡುವುದು ಫೆಬ್ರವರಿಯಲ್ಲಿ, ಅದೂ ಗೋಡೆಯ ಹೊರಪಕ್ಕ ಕೊಳದ ತಳದ ಮಟ್ಟದವರೆಗೆ ಒಂದು ತೆಗ್ಗು ತೋಡಿ, ಹೊರಗೆ ನೀರಿಲ್ಲವೆಂದು ಕಣ್ಣಾರೆ ನೋಡಿದ ಮೇಲೆ.