ಹೊಸ ಕಾರಲ್ಲಿ ಚೆಕ್ ಎಂಜಿನ್ ಲೈಟ್: ಎಂಟುನೂರು ರೂಪಾಯಿಯ ಒಬಿಡಿ ಸ್ಕ್ಯಾನರ್ ಎರಡು ವರ್ಷ ಬಳಸಿದ ಮೇಲೆ

ನನ್ನ ಕಾರಿನ ಗ್ಲೋವ್ ಬಾಕ್ಸ್‌ನಲ್ಲಿ ಒಂದು ಪುಟ್ಟ ಒಬಿಡಿ ಸ್ಕ್ಯಾನರ್ ಇದೆ, ಅಂದರೆ ಕಾರಿನ ಕಂಪ್ಯೂಟರ್ ಬರೆದಿಟ್ಟ ತೊಂದರೆಗಳನ್ನು ಓದಿ ಫೋನಿನಲ್ಲಿ ತೋರಿಸುವ ಸಾಧನ. ಗಾತ್ರ ಬೆಂಕಿಪೊಟ್ಟಣದಷ್ಟು, ಬೆಲೆ ಎಂಟುನೂರು ರೂಪಾಯಿ ಆಸುಪಾಸು. ಕಾರಿಗೆ ಅಂತ ಕೊಂಡ ಸಾಮಾನುಗಳಲ್ಲಿ ಕೊಟ್ಟ ದುಡ್ಡು ಪೂರ್ತಿ ಸಾರ್ಥಕ ಅನ್ನಿಸಿದ್ದು ಇದೊಂದೇ. ಎರಡು ವರ್ಷ ಬಳಸಿ ಬರೆಯುತ್ತಿದ್ದೇನೆ, ಹಾಗಾಗಿ ಇದರ ಒಳ್ಳೆಯದು ಕೆಟ್ಟದ್ದು ಎರಡೂ ಗೊತ್ತಾಗಿದೆ.

ಇದನ್ನು ಕೊಳ್ಳುವಂತೆ ಮಾಡಿದ್ದು ಹೊಸ ಕಾರಿನಲ್ಲೇ ಹತ್ತಿಕೊಂಡ ಚೆಕ್ ಎಂಜಿನ್ ಲೈಟ್. ಮೊದಲ ಫ್ರೀ ಸರ್ವಿಸ್ ಆಗಿ ಸ್ವಲ್ಪ ದಿನ ಆಗಿತ್ತು ಅಷ್ಟೆ. ವಿದ್ಯಾರಣ್ಯಪುರದಿಂದ ಮಾರತ್‌ಹಳ್ಳಿ ಕಡೆ ಆಫೀಸಿಗೆ ಹೊರಟಿದ್ದೆ. ಹೆಬ್ಬಾಳ ಫ್ಲೈಓವರ್ ಹತ್ತುವಾಗ ಆಕ್ಸಿಲರೇಟರ್ ಒತ್ತಿದರೂ ಎಳೆತವೇ ಇಲ್ಲ, ಕಾರು ಜಗ್ಗತೊಡಗಿತು. ಮೀಟರ್‌ನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಮಿಣುಕತೊಡಗಿತು. ಇಳಿಜಾರಿಗೆ ಬಂದು ಕಾಲು ಸಡಿಲ ಬಿಟ್ಟ ಮೇಲೆ ಮಿಣುಕುವುದು ನಿಂತು ಒಂದೇ ಸಮ ಉರಿಯಿತು. ಸಾಲ ಮಾಡಿ ಕೊಂಡ ಕಾರು, ಇನ್ನೂ ಹೊಸ ಸೀಟಿನ ವಾಸನೆ ಹೋಗಿಲ್ಲ. ಹೊಟ್ಟೆ ತೊಳಸಿದ ಹಾಗಾಯಿತು.

ಇಲ್ಲೊಂದು ವಿಷಯ ಎಲ್ಲರಿಗೂ ಗೊತ್ತಿರಲಿ. ಆ ಹಳದಿ ದೀಪ ಒಂದೇ ಸಮ ಉರಿಯುತ್ತಿದ್ದು, ಕಾರು ಮಾಮೂಲಿಯಾಗಿ ಓಡುತ್ತಿದ್ದರೆ ನಿಧಾನಕ್ಕೆ ಮನೆಗೋ ಸರ್ವಿಸ್ ಸೆಂಟರಿಗೋ ಹೋಗಬಹುದು. ಮಿಣುಕಿದರೆ ಮಾತ್ರ ಸಸಾರ ಮಾಡಬೇಡಿ. ಯಾವುದೋ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ ಅಂತ ಅರ್ಥ. ಹೊತ್ತಿಕೊಳ್ಳದ ಪೆಟ್ರೋಲ್, ಹೊಗೆಯಲ್ಲಿನ ವಿಷಾನಿಲ ಕಮ್ಮಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ತನಕ ಹೋಗಿ ಅದರೊಳಗೆ ಉರಿಯುತ್ತೆ. ಕನ್ವರ್ಟರ್ ವಿಪರೀತ ಕಾದು ಹಾಳಾಗುತ್ತೆ. ಅದರಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂನಂಥ ದುಬಾರಿ ಲೋಹಗಳು ಇರುತ್ತವೆ, ಬದಲಾಯಿಸಬೇಕಾಗಿ ಬಂದರೆ ಜೇಬು ಖಾಲಿ. ಹಾಗಾಗಿ ದೀಪ ಮಿಣುಕುತ್ತಲೇ ಇದ್ದರೆ ಪಕ್ಕಕ್ಕೆ ಹಾಕಿ ಟೋ ಮಾಡಿಸುವುದೇ ಒಳ್ಳೆಯದು. ಇನ್ನು ಆಯಿಲ್ ಪ್ರೆಷರ್ ದೀಪ, ಟೆಂಪರೇಚರ್ ದೀಪ ಕೆಂಪಗೆ ಬಂದರೆ ಸೇಫ್ ಆದ ಕಡೆ ತಕ್ಷಣ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಆಗ ಸ್ಕ್ಯಾನರ್ ಹುಡುಕುತ್ತಾ ಕೂರಬೇಡಿ.

ಸರ್ವಿಸ್ ಸೆಂಟರ್‌ನವರು ಮೊದಲ ಸಲ ಏನು ಮಾಡಿದರು ಅಂತ ಹೇಳುತ್ತೇನೆ. ಅವರ ಸ್ಕ್ಯಾನರ್ ಹಾಕಿ, ಸ್ವಲ್ಪ ಹೊತ್ತಿನಲ್ಲೇ ದೀಪ ಆರಿಸಿ ಗಾಡಿ ತಂದು ಕೊಟ್ಟರು. “ಏನಿಲ್ಲ ಮೇಡಂ, ಪೆಟ್ರೋಲ್ ಸರಿ ಇಲ್ಲ. ಬೇರೆ ಬಂಕಲ್ಲಿ ಹಾಕ್ಸಿ ನೋಡಿ” ಅಂದರು ಅಡ್ವೈಸರ್. ಪ್ರತಿ ತೊಂದರೆಗೂ ಕಾರು ಒಂದು ಕೋಡ್ ನಂಬರ್ ಬರೆದಿಡುತ್ತೆ, ಯಾವ ಕೋಡ್ ಬಂದಿತ್ತು ಅಂತ ಕೇಳಿದೆ. “ಅದನ್ನ ಕ್ಲಿಯರ್ ಮಾಡಿದೀವಲ್ಲ ಮೇಡಂ” ಅಂದರು. ಜಾಬ್ ಕಾರ್ಡ್‌ನಲ್ಲಿ ‘ಚೆಕ್ ಮಾಡಿದೆ, ಓಕೆ’ ಅಂತಷ್ಟೇ ಇತ್ತು. ಬಂಕ್ ಬದಲಾಯಿಸಿದೆ. ವಾರ ಕಳೆಯುವುದರೊಳಗೆ ಅದೇ ಏರಿನಲ್ಲಿ ಅದೇ ದೀಪ. ಏನು ತೊಂದರೆ ಅಂತ ಕಾರು ತನ್ನೊಳಗೇ ಬರೆದಿಟ್ಟುಕೊಂಡಿತ್ತು. ಅದನ್ನು ನನಗೆ ತೋರಿಸದೆ ಅಳಿಸಿಬಿಟ್ಟಿದ್ದರು. ನನಗೆ ಜಾಸ್ತಿ ಸಿಟ್ಟು ಬಂದದ್ದು ಅದಕ್ಕೇ. ಅವತ್ತು ರಾತ್ರಿಯೇ ಸ್ಕ್ಯಾನರ್ ಆರ್ಡರ್ ಮಾಡಿದೆ.

ಬಳಸುವುದು ಸುಲಭ. ಡ್ರೈವರ್ ಮೊಣಕಾಲಿನ ಹತ್ತಿರ, ಸ್ಟೀರಿಂಗ್ ಕೆಳಗೆ 16 ಪಿನ್‌ನ ಸಾಕೆಟ್ ಇರುತ್ತೆ. ಅದಕ್ಕೆ ಚುಚ್ಚಿ, ಇಗ್ನಿಷನ್ ಆನ್ ಮಾಡಿ, ಫೋನಿನ ಬ್ಲೂಟೂತ್‌ಗೆ ಜೋಡಿಸಿ ಆಪ್ ತೆರೆದರೆ ಆಯಿತು. ನನ್ನ ಕಾರು ತೋರಿಸಿದ್ದು ಪಿ0301. ಪಿ ಅಂದರೆ ಎಂಜಿನ್, ಗೇರ್‌ಬಾಕ್ಸ್ ಕಡೆಯದು. ಪಕ್ಕದ ಸೊನ್ನೆ ಅಂದರೆ ಎಲ್ಲ ಕಂಪನಿಗೂ ಒಂದೇ ಆದ ಕೋಡ್, ಅಲ್ಲಿ 1 ಇದ್ದರೆ ಆ ಕಂಪನಿಯ ಸ್ವಂತದ್ದು. 3 ಅಂದರೆ ಇಗ್ನಿಷನ್ ಮತ್ತು ಮಿಸ್‌ಫೈರ್ (ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದಿರುವುದು). ಕೊನೆಯ 01, ಒಂದನೇ ಸಿಲಿಂಡರ್. ಕೋಡ್ ಪಕ್ಕದಲ್ಲೇ ಫ್ರೀಜ್ ಫ್ರೇಮ್ ಅಂತ ಒಂದು ಆಯ್ಕೆ ಇದೆ. ಇದನ್ನು ತುಂಬಾ ಜನ ನೋಡುವುದೇ ಇಲ್ಲ. ತೊಂದರೆ ಆದ ಆ ಗಳಿಗೆಯಲ್ಲಿ ಎಂಜಿನ್ ಎಷ್ಟು ಸುತ್ತುತ್ತಿತ್ತು, ಲೋಡ್ ಎಷ್ಟಿತ್ತು, ಕೂಲೆಂಟ್ ಎಷ್ಟು ಬಿಸಿ ಇತ್ತು, ಸ್ಪೀಡ್ ಎಷ್ಟು, ಎಲ್ಲ ಅದರಲ್ಲಿ ಇರುತ್ತೆ. ನನ್ನದರಲ್ಲಿ ಎಂಜಿನ್ ಪೂರ್ತಿ ಬಿಸಿಯಾಗಿತ್ತು, ಲೋಡ್ 80 ಪರ್ಸೆಂಟ್ ದಾಟಿತ್ತು, ಸ್ಪೀಡ್ ಕಮ್ಮಿ. ಅಂದರೆ ಏರು ಹತ್ತುವಾಗ. ಸರ್ವಿಸ್ ಸೆಂಟರ್ ಮುಂದಿನ ಸಮತಟ್ಟು ರಸ್ತೆಯಲ್ಲಿ ಒಂದು ರೌಂಡ್ ಹೊಡೆದರೆ ಈ ತೊಂದರೆ ಹೇಗೆ ಕಾಣಿಸುತ್ತೆ, ಹೇಳಿ?

ಪೆಟ್ರೋಲ್ ಮಾತಿಗೂ ಇದರಲ್ಲೇ ಉತ್ತರ ಇತ್ತು. ನನ್ನದು ಮೂರು ಸಿಲಿಂಡರ್ ಎಂಜಿನ್. ಮೂರಕ್ಕೂ ಹೋಗುವುದು ಅದೇ ಟ್ಯಾಂಕಿನ ಪೆಟ್ರೋಲ್. ಪೆಟ್ರೋಲ್ ಕೆಟ್ಟಿದ್ದರೆ ಸಾಮಾನ್ಯವಾಗಿ ಒಂದಲ್ಲ ಒಂದು ಸಿಲಿಂಡರ್ ತಪ್ಪುತ್ತಾ ಇರುತ್ತೆ, ಆಗ ಪಿ0300 ಬರುತ್ತೆ. ಪ್ರತಿ ಸಲ ಒಂದನೆಯದೇ ತಪ್ಪುತ್ತಿದೆ ಅಂದರೆ ಆ ಸಿಲಿಂಡರ್‌ನ ಕಿಡಿ ಹೊತ್ತಿಸುವ ಪ್ಲಗ್, ಪ್ಲಗ್‌ಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಅಥವಾ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಮೇಲೆ ಅನುಮಾನ ಪಡಬೇಕು. ನಾನು ಏನನ್ನೂ ಅಳಿಸಲಿಲ್ಲ. ಕೋಡ್, ಫ್ರೀಜ್ ಫ್ರೇಮ್ ಎರಡರ ಸ್ಕ್ರೀನ್‌ಶಾಟ್ ತೆಗೆದುಕೊಂಡು ಮತ್ತೆ ಹೋದೆ.

“ವಾರಂಟಿ ಗಾಡಿಗೆ ಹೊರಗಿನ ಸ್ಕ್ಯಾನರ್ ಎಲ್ಲ ಹಾಕ್ಬಾರ್ದು ಮೇಡಂ” ಅಂತ ಅಡ್ವೈಸರ್ ಶುರು ಮಾಡಿದರು. ಓದಿದ್ದೇನೆ ಅಷ್ಟೆ, ಯಾವುದನ್ನೂ ಮುಟ್ಟಿಲ್ಲ ಅಂದೆ. ಒಳಗಿನಿಂದ ಒಬ್ಬ ಹಿರಿಯ ಟೆಕ್ನಿಷಿಯನ್ ಬಂದರು. ಫೋನ್ ಇಸ್ಕೊಂಡು ಸ್ಕ್ರೀನ್‌ಶಾಟ್ ಹಿಗ್ಗಿಸಿ ನೋಡಿದರು. “ಕಾಯಿಲ್ ಅದಲು ಬದಲು ಮಾಡಿ ನೋಡೋಣ, ಅಲ್ಲೇ ಗೊತ್ತಾಗುತ್ತೆ” ಅಂದರು. ಬಾನೆಟ್ ಎತ್ತಿ, ಎಂಜಿನ್ ಮೇಲಿನ ಕವರ್ ತೆಗೆದು, ಒಂದನೇ ಸಿಲಿಂಡರ್‌ನ ಕಾಯಿಲ್ ಕಳಚಿ ಮೂರನೆಯದರ ಜಾಗಕ್ಕೆ ಹಾಕಿದರು, ಮೂರನೆಯದನ್ನು ಒಂದಕ್ಕೆ. ಒಂದೊಂದಕ್ಕೂ ಒಂದು ಬೋಲ್ಟ್, ಒಂದು ಕನೆಕ್ಟರ್. ಇಷ್ಟೇ ಕೆಲಸ. ಆಮೇಲೆ ಕೋಡ್ ಅಳಿಸಿ ಇಬ್ಬರೂ ಹೆಬ್ಬಾಳದ ಕಡೆ ಹೋದೆವು. ಫ್ಲೈಓವರ್ ಏರಿನಲ್ಲಿ ಅವರ ಲ್ಯಾಪ್‌ಟಾಪ್‌ನಲ್ಲೇ ಬಂತು, ಪಿ0303. ಕಾಯಿಲ್ ಜೊತೆಗೇ ತೊಂದರೆಯೂ ಮೂರನೇ ಸಿಲಿಂಡರ್‌ಗೆ ಹೋಗಿತ್ತು. ವಾರಂಟಿಯಲ್ಲಿ ಹೊಸ ಕಾಯಿಲ್ ಬಂತು, ಒಂದು ಪೈಸೆ ಖರ್ಚಿಲ್ಲ. ಅವತ್ತಿನಿಂದ ಇವತ್ತಿನವರೆಗೂ ಮಿಸ್‌ಫೈರ್ ಕೋಡ್ ಮತ್ತೆ ಬಂದಿಲ್ಲ. ಆ ಟೆಕ್ನಿಷಿಯನ್‌ಗೆ ಕೆಲಸ ಚೆನ್ನಾಗಿ ಗೊತ್ತಿತ್ತು. ಮೊದಲ ದಿನವೇ ಗಾಡಿ ಅವರ ಕೈಗೆ ಹೋಗಿದ್ದರೆ ಇಷ್ಟೊಂದು ಓಡಾಟವೇ ಇರುತ್ತಿರಲಿಲ್ಲ.

ಅದಕ್ಕೇ ಎಲ್ಲರಿಗೂ ಹೇಳುತ್ತೇನೆ, ಕೋಡ್ ಅಳಿಸುವ ಬಟನ್ ಆಪ್‌ನಲ್ಲಿ ಇದ್ದರೂ ಅದನ್ನು ಮುಟ್ಟಬೇಡಿ. ಅಳಿಸಿದರೆ ಫ್ರೀಜ್ ಫ್ರೇಮ್ ಕೂಡ ಹೋಗುತ್ತೆ. ಜೊತೆಗೆ ಕಾರು ತನ್ನನ್ನು ತಾನೇ ಪರೀಕ್ಷೆ ಮಾಡಿಕೊಂಡ ಲೆಕ್ಕವೆಲ್ಲ ಮೊದಲಿಂದ ಶುರುವಾಗುತ್ತೆ. ಆಪ್‌ನಲ್ಲಿ ಇದನ್ನು ರೆಡಿನೆಸ್ ಅನ್ನುತ್ತಾರೆ. ಕ್ಯಾಟಲಿಟಿಕ್ ಕನ್ವರ್ಟರ್ ಪರೀಕ್ಷೆ ಮುಗಿಯಬೇಕಾದರೆ ಸ್ವಲ್ಪ ಹೊತ್ತು ಒಂದೇ ಸ್ಪೀಡಿನಲ್ಲಿ ಓಡಿಸಬೇಕು. ಔಟರ್ ರಿಂಗ್ ರೋಡಿನಲ್ಲಿ ಬೆಳಗ್ಗೆ ಸಂಜೆ ಹತ್ತು ಅಡಿ ಹೋಗಿ ನಿಲ್ಲುವವರಿಗೆ ಅದು ಎಲ್ಲಿ ಸಿಗಬೇಕು? ಕಾಯಿಲ್ ಬದಲಾದ ಮೇಲೆ ಭಾನುವಾರ ಬೆಳಗ್ಗೆ ಬೇಗ ಎದ್ದು ದೇವನಹಳ್ಳಿ ತನಕ ಹೋಗಿ ಬಂದೆ. ಆಮೇಲೇ ಎಲ್ಲ ಸಾಲುಗಳೂ ಹಸಿರಾದವು. ದೀಪ ತಾನಾಗೇ ಆರಿದರೂ ನಂಬಿ ಕೂರಬೇಡಿ. ಸತತ ಮೂರು ಓಡಾಟದಲ್ಲಿ ಅದೇ ತೊಂದರೆ ಕಾಣದಿದ್ದರೆ ಸಾಮಾನ್ಯವಾಗಿ ದೀಪ ಆರುತ್ತೆ, ಆದರೆ ಕೋಡ್ ಇನ್ನೂ ಕೆಲವು ವಾರ ಮೆಮೊರಿಯಲ್ಲಿ ಉಳಿದಿರುತ್ತೆ. ದೀಪ ಬರುವ ಮೊದಲೇ ‘ಪೆಂಡಿಂಗ್’ ಅಂತ ಕೋಡ್ ಕಾಣಿಸುವುದೂ ಉಂಟು. ಎಷ್ಟೋ ತೊಂದರೆಗಳಿಗೆ ಎರಡನೇ ಸಲ ಕಂಡ ಮೇಲೇ ಕಾರು ದೀಪ ಹಾಕುತ್ತೆ.

ಹೊಸ ಗಾಡಿಗಳಲ್ಲಿ ಈ ದೀಪ ಯಾಕೆ ಬರುತ್ತೆ ಅಂತ ಕೇಳುವವರು ಇದ್ದಾರೆ. 2020ರ ಏಪ್ರಿಲ್ 1ರಿಂದ ಗಾಡಿ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂತು, 2023ರ ಏಪ್ರಿಲ್ 1ರಿಂದ ಅದರ ಎರಡನೇ ಹಂತ. ಹೊಗೆಗೆ ಸಂಬಂಧಪಟ್ಟ ಭಾಗಗಳ ಮೇಲೆ ಕಾರು ಓಡುತ್ತಿರುವಾಗಲೇ ಕಣ್ಣಿಡಬೇಕು ಅನ್ನುವ ನಿಯಮ ಬಿಗಿಯಾಗಿದೆ. ಡ್ರೈವರ್‌ಗೆ ಗೊತ್ತೇ ಆಗದ ಸಣ್ಣ ವ್ಯತ್ಯಾಸಕ್ಕೂ ದೀಪ ಬರಬಹುದು. ಹಾಗಾಗಿ ದೀಪ ಬಂದ ಕೂಡಲೇ ಎಂಜಿನ್ ಹೋಯಿತು ಅಂತ ಎದೆ ಒಡೆದುಕೊಳ್ಳಬೇಕಿಲ್ಲ.

ನನ್ನ ಕಾರಿಗಿಂತ ಬೇರೆಯವರ ಕಾರಿಗೇ ಇದು ಜಾಸ್ತಿ ಉಪಯೋಗಕ್ಕೆ ಬಂದಿದೆ. ಪಕ್ಕದ ಮನೆ ಆಂಟಿ ಮಗಳ ಬಾಣಂತನಕ್ಕೆ ಊರಿಗೆ ಹೋಗಿ ಬಂದಾಗ ಅವರ ಕಾರಲ್ಲಿ ದೀಪ ಹತ್ತಿತ್ತು. “ನೋಡಮ್ಮ, ನಿಲ್ಲಿಸಿದ್ದ ಗಾಡಿಗೆ ಏನಾಗುತ್ತೆ?” ಅಂತ ಗಾಬರಿಯಾಗಿದ್ದರು. ಪಿ0562, ಅಂದರೆ ವೋಲ್ಟೇಜ್ ಕಮ್ಮಿ. ನಿಂತಲ್ಲೇ ನಿಂತು ಬ್ಯಾಟರಿ ಸೊರಗಿತ್ತು. ಎಂಜಿನ್ ಆಫ್ ಇದ್ದಾಗ 12.6 ವೋಲ್ಟ್ ಆಸುಪಾಸು ಇರಬೇಕು, ಅವರದ್ದು 12ಕ್ಕಿಂತ ಕೆಳಗಿತ್ತು. ಜಯನಗರದಲ್ಲಿರುವ ನಮ್ಮ ಭಾವನ ಕಾರಲ್ಲಿ ಬಂದದ್ದು ಪಿ0135, ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್‌ನ ಹೀಟರ್ ಸರ್ಕ್ಯೂಟ್. ಸೆನ್ಸರ್ ಹೋಗಿದೆ ಅಂದುಕೊಂಡು ನೋಡಿದರೆ ವೈರನ್ನು ಇಲಿ ಕಚ್ಚಿತ್ತು. ಮರದ ಕೆಳಗೆ, ಬೀದಿಯಲ್ಲಿ ಗಾಡಿ ನಿಲ್ಲಿಸುವವರಿಗೆ ಈ ಕಾಟ ಗೊತ್ತೇ ಇದೆ. ಇಲಿ ಕಚ್ಚಿದ್ದು ವಾರಂಟಿಗೆ ಬರಲ್ಲ, ಇನ್ಶೂರೆನ್ಸ್‌ನಲ್ಲಿ ಕೇಳಬೇಕು. ಸೆನ್ಸರ್ ಬದಲಾಯಿಸುವ ಮೊದಲು ವೈರ್ ನೋಡಿಸಿ.

ಇನ್ನು ಇದರ ಕೊರತೆಗಳು. ಇದು ಎಂಜಿನ್ ಕೋಡ್ ಬಿಟ್ಟರೆ ಹೆಚ್ಚೇನೂ ಓದಲ್ಲ. ನನ್ನ ಕಾರಿನ ಎಬಿಎಸ್, ಏರ್‌ಬ್ಯಾಗ್ ಎರಡಕ್ಕೂ ಇದರ ಕೈ ತಲುಪಲಿಲ್ಲ. ಕಂಪನಿಯ ಸ್ವಂತ ಕೋಡ್ ಬಂದರೆ ನಂಬರ್ ತೋರಿಸುತ್ತೆ, ಅರ್ಥ ಹೇಳಲ್ಲ. ಬ್ಲೂಟೂತ್ ಆಗಾಗ ತಪ್ಪುತ್ತೆ, ತೆಗೆದು ಮತ್ತೆ ಚುಚ್ಚಬೇಕು. ಇದರೊಳಗಿರುವುದು, ಕಾರಿನ ಕಂಪ್ಯೂಟರ್ ಜೊತೆ ಮಾತಾಡುವ ಇಎಲ್‌ಎಂ327 ಅನ್ನುವ ಚಿಪ್‌ನ ನಕಲು. ಅಸಲಿ ಮಾಡುತ್ತಿದ್ದ ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ 2022ರಲ್ಲೇ ಬಾಗಿಲು ಹಾಕಿತು, ಅಗ್ಗದ ಸ್ಕ್ಯಾನರ್‌ಗಳಲ್ಲಿ ಮಾಮೂಲಿಯಾಗಿ ಸಿಗುವುದು ನಕಲೇ. ಕೋಡ್ ಓದುವಷ್ಟಕ್ಕೆ ಸಾಕು. ಸಾಕೆಟ್‌ನಲ್ಲೇ ಬಿಟ್ಟು ಹೋಗಬೇಡಿ, ಗಾಡಿ ಆಫ್ ಇದ್ದರೂ ಬ್ಯಾಟರಿ ಹೀರುತ್ತೆ. ನನ್ನದರ ಬ್ಲೂಟೂತ್ ಪಿನ್ 1234, ಬದಲಾಯಿಸಲು ದಾರಿಯಿಲ್ಲ. ಪಕ್ಕದಲ್ಲಿ ನಿಂತ ಯಾರು ಬೇಕಾದರೂ ಜೋಡಿಸಿಕೊಳ್ಳಬಹುದು, ಅಲ್ವಾ?

ಸರ್ವಿಸ್‌ಗೆ ಕೊಡುವಾಗ ನಾನು ಈಗ ಕೋಡ್ ನಂಬರನ್ನು ಜಾಬ್ ಕಾರ್ಡ್‌ನಲ್ಲಿ ನನ್ನ ಕಣ್ಣೆದುರಿಗೇ ಬರೆಸುತ್ತೇನೆ. ವಾಪಸ್ ತಗೊಳ್ಳುವಾಗ ಯಾವ ಭಾಗ ಬದಲಾಯಿತು, ಯಾಕೆ ಅನ್ನುವುದೂ ಅದರಲ್ಲೇ ಇರಬೇಕು ಅನ್ನುತ್ತೇನೆ. ವಾರಂಟಿ ಮುಗಿಯುವ ಹೊತ್ತಿಗೆ ಅದೇ ತೊಂದರೆ ಮತ್ತೆ ಬಂದರೆ ಕೈಯಲ್ಲಿರುವ ದಾಖಲೆ ಅದೊಂದೇ. ಸುಮ್ನೆ ಬಾಯಿ ಮಾತಲ್ಲಿ ಹೇಳಿದ್ದು ಅಲ್ಲಿಗೇ ಮರೆತು ಹೋಗುತ್ತೆ.

ಕೊಳ್ಳುವವರು ಮೊದಲು ಫೋನ್ ನೋಡಿಕೊಳ್ಳಿ. ಆಂಡ್ರಾಯ್ಡ್‌ಗೆ ಮಾಮೂಲಿ ಬ್ಲೂಟೂತ್‌ನದು ನಡೆಯುತ್ತೆ. ಐಫೋನ್ ಇದ್ದರೆ ವೈಫೈ ಅಥವಾ ಬ್ಲೂಟೂತ್ ಎಲ್ಇ ಇರುವುದೇ ಬೇಕು, ಇಲ್ಲದಿದ್ದರೆ ಜೋಡಣೆ ಆಗಲ್ಲ. ಎಬಿಎಸ್, ಏರ್‌ಬ್ಯಾಗ್ ಎಲ್ಲ ಓದಬೇಕು ಅನ್ನುವವರು ಇನ್ನೂ ದುಬಾರಿಯದನ್ನೇ ನೋಡಬೇಕು, ಅದೂ ನಿಮ್ಮ ಮಾಡೆಲ್‌ಗೆ ಕೆಲಸ ಮಾಡುತ್ತೆ ಅಂತ ಖಚಿತ ಮಾಡಿಕೊಂಡು. ಕಾರು ವಾರಂಟಿಯಲ್ಲಿದ್ದು, ದೀಪ ಯಾಕೆ ಬಂತು ಅಂತ ತಿಳಿದರೆ ಸಾಕು ಅನ್ನುವವರಿಗೆ ನನ್ನ ಹತ್ತಿರ ಇರುವಂಥದ್ದೇ ಧಾರಾಳ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ, ಒಂದು ಕಡಿತ ಬ್ಲೂಟೂತ್‌ಗೆ.